ಟೀಮಲ್ಲಿ ನಿಮ್ಮ ಹುದ್ದೆ ಯಾವ್ದು, ನಿಮ್ಮ ಪಾತ್ರ ಯಾವ್ದು: ಎರಡನ್ನೂ ಬಿಡಿಸಿ ನೋಡೋ ವಿಧಾನ

ಆಫರ್ ಲೆಟರಲ್ಲಿ ಬರ್ದಿರೋ ಕೆಲಸ ಒಂದು, ಬೆಳಗ್ಗೆ ಲ್ಯಾಪ್‌ಟಾಪ್ ತೆಗೆದಾಗಿಂದ ರಾತ್ರಿ ಮುಚ್ಚೋವರೆಗೂ ಮಾಡೋ ಕೆಲಸ ಇನ್ನೊಂದು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿರೋ ಯಾರನ್ನ ಬೇಕಾದ್ರೂ ಕೇಳಿ, ಇದನ್ನೇ ಹೇಳ್ತಾರೆ. ಟೆಸ್ಟಿಂಗ್‌ಗೆ ಅಂತ ಸೇರಿದವ್ರು ಕ್ಲೈಂಟ್ ರೇಗಾಡಿದಾಗ ಸಮಾಧಾನ ಮಾಡ್ತಾ ಕೂತಿರ್ತಾರೆ, ಡೆವಲಪರ್ ಅಂತ ಸೇರಿದವ್ರು ಅರ್ಧ ದಿನ ಹೊಸ ಹುಡುಗರಿಗೆ ಪಾಠ ಹೇಳ್ತಿರ್ತಾರೆ, ಇನ್ಯಾರೋ ಒಬ್ರು ಇಬ್ಬರು ಸೀನಿಯರ್‌ಗಳ ಜಗಳ ಬಿಡಿಸೋದನ್ನೇ ವರ್ಷಗಟ್ಟಲೆ ಮಾಡ್ಕೊಂಡು ಬಂದಿರ್ತಾರೆ, ಅಪ್ರೈಸಲ್ ಬಂದಾಗ ನೋಡಿದ್ರೆ ಇದ್ಯಾವ್ದೂ ಎಲ್ಲೂ ಬರ್ದೇ ಇರಲ್ಲ.

ನಾನು ಟೆಸ್ಟಿಂಗ್ ಟೀಮ್‌ಗಳಲ್ಲೇ ಬೆಳೆದವಳು, ಈಗ ಟೀಮ್ ನೋಡ್ಕೋತೀನಿ. ನನ್ನ ಅಭಿಪ್ರಾಯ ನೇರವಾಗಿ ಹೇಳ್ಬಿಡ್ತೀನಿ: ಟೀಮಲ್ಲಿ ಪ್ರತಿಯೊಬ್ರಿಗೂ ಎರಡು ಪಾತ್ರ ಇರತ್ತೆ, ಒಂದು ಹುದ್ದೆಯಿಂದ ಬಂದಿದ್ದು, ಇನ್ನೊಂದು ನಮ್ಮ ಸ್ವಭಾವ ನೋಡಿ ಬೇರೆಯವ್ರು ನಮ್ಮ ಮೇಲೆ ಹೊರಿಸಿದ್ದು. ಎರಡೂ ನಿಜವಾದ ಕೆಲಸನೇ. ಆದ್ರೆ ಎರಡ್ನೇದನ್ನ ನಾವೇ ಕಾಗದದ ಮೇಲೆ ಇಳಿಸ್ದೆ ಹೋದ್ರೆ ಬೇರೆ ಯಾರೂ ಇಳಿಸಲ್ಲ. ಅದನ್ನ ಇಳಿಸೋದು ಹೇಗೆ, ಆಮೇಲೆ ಏನ್ ಮಾಡೋದು ಅನ್ನೋದು ಕೆಳಗಿದೆ. ಸಾಫ್ಟ್‌ವೇರ್ ಟೀಮ್ ಉದಾಹರಣೆ ಹಿಡ್ಕೊಂಡೇ ಹೇಳ್ತೀನಿ, ಬ್ಯಾಂಕು ಸ್ಕೂಲು ಆಸ್ಪತ್ರೆ ಎಲ್ಲಿದ್ರೂ ಹೆಚ್ಚೂಕಮ್ಮಿ ಇದೇ ದಾರಿ.

ಮೊದಲ್ನೇ ಹೆಜ್ಜೆ: ಕಾಗದದಲ್ಲಿ ಏನಿದೆ ಅಂತ ಓದಿ

ಆಫರ್ ಲೆಟರ್, ಜಾಬ್ ಡಿಸ್ಕ್ರಿಪ್ಷನ್, ಈ ವರ್ಷದ ಕೆಆರ್‌ಎ (ವರ್ಷದ ಕೊನೇಲಿ ನಿಮ್ಮನ್ನ ಅಳೆಯೋಕೆ ಇಟ್ಕೊಂಡಿರೋ ಕೆಲಸಗಳ ಪಟ್ಟಿ), ಈ ಮೂರನ್ನೂ ತೆಗೆದು ಪಕ್ಕ ಪಕ್ಕ ಇಟ್ಕೊಳ್ಳಿ. ಸುಮಾರು ಜನ ಕೆಆರ್‌ಎನ ವರ್ಷದಲ್ಲಿ ಒಂದ್ಸಲ ಪೋರ್ಟಲ್‌ನಲ್ಲಿ ತುಂಬೋವಾಗ ನೋಡಿದ್ದು ಬಿಟ್ರೆ ಮತ್ತೆ ಮುಟ್ಟಿರಲ್ಲ, ಹೋದ ವರ್ಷದ್ದನ್ನೇ ಕಾಪಿ ಮಾಡಿ ಹಾಕಿರ್ತಾರೆ. ಅದ್ರಲ್ಲಿರೋ ದೊಡ್ಡ ದೊಡ್ಡ ವಾಕ್ಯಗಳನ್ನ ಸಣ್ಣ ಕೆಲಸಗಳಾಗಿ ಒಡೀರಿ. "ಗುಣಮಟ್ಟ ಕಾಪಾಡುವುದು" ಅಂತ ಇದ್ರೆ ಅದು ಏನು? ಟೆಸ್ಟ್ ಕೇಸ್ ಬರೆಯೋದಾ, ರಿಲೀಸ್ ಆಗ್ಬಹುದು ಅಂತ ಸಹಿ ಹಾಕೋದಾ, ಪ್ರೊಡಕ್ಷನ್‌ನಲ್ಲಿ (ಜನ ಬಳಸ್ತಿರೋ ಸಾಫ್ಟ್‌ವೇರಲ್ಲಿ) ಬಗ್, ಅಂದ್ರೆ ತಪ್ಪು, ಬಂದ್ರೆ ರಾತ್ರಿ ಎದ್ದು ನೋಡೋದಾ? ಈ ಮೂರೂ ಬೇರೆ ಬೇರೆ ಭಾರದ ಕೆಲಸಗಳು.

ಒಂದು ಪ್ರಶ್ನೆ ಮಾತ್ರ ಬಿಡ್ಬೇಡಿ, ಯಾವ ತೀರ್ಮಾನ ನನ್ನ ಹತ್ರ ಬಂದು ಮುಗಿಯತ್ತೆ ಅನ್ನೋದು. ಕೆಲಸ ಮಾಡೋದು ಬೇರೆ, ತೀರ್ಮಾನ ಮಾಡೋದು ಬೇರೆ, ಹುದ್ದೆ ಅನ್ನೋದು ಹೆಚ್ಚಾಗಿ ಈ ಎರಡ್ನೇದ್ರಲ್ಲೇ ಇರತ್ತೆ.

ಇಲ್ಲಿ ಸ್ಕ್ರಮ್ (ಕೆಲಸಾನ ಸಣ್ಣ ಸಣ್ಣ ಅವಧಿಗಳಾಗಿ ಒಡೆದು ಟೀಮಾಗಿ ಮಾಡೋ ವಿಧಾನ) ಟೀಮ್‌ಗಳಲ್ಲಿರೋವ್ರಿಗೆ ಒಂದು ಮಾತು. ಸ್ಕ್ರಮ್ ಗೈಡ್ ಪ್ರಕಾರ ಟೀಮಲ್ಲಿ ಇರೋದು ಮೂರೇ ಜವಾಬ್ದಾರಿ, ಪ್ರಾಡಕ್ಟ್ ಓನರ್, ಸ್ಕ್ರಮ್ ಮಾಸ್ಟರ್, ಡೆವಲಪರ್ಸ್. ಟೆಸ್ಟರ್ ಅಂತ ಬೇರೆ ಇಲ್ಲ, ಪ್ರಾಡಕ್ಟ್ ಕಟ್ಟೋಕೆ ಕೈ ಹಾಕೋ ಎಲ್ಲಾರೂ ಡೆವಲಪರ್ಸೇ. ಆದ್ರೆ ಎಚ್‌ಆರ್ ದಾಖಲೇಲಿ ನೀವು ಟೆಸ್ಟ್ ಎಂಜಿನಿಯರ್, ನಿಮ್ಮ ಇನ್ಕ್ರಿಮೆಂಟ್ ನಿರ್ಧಾರ ಆಗೋದು ಆ ಹೆಸರಿನ ಮೇಲೆ. ದಿನಾ ಸ್ಟ್ಯಾಂಡಪ್‌ನಲ್ಲಿ ಒಂದು ಲೆಕ್ಕ, ವರ್ಷಕ್ಕೊಂದ್ಸಲ ಇನ್ನೊಂದು ಲೆಕ್ಕ. ಹಾಗಾಗಿ ಎರಡೂ ಲೆಕ್ಕದಲ್ಲಿ ನಿಮ್ಮಿಂದ ಏನು ನಿರೀಕ್ಷೆ ಇದೆ ಅಂತ ಬೇರೆ ಬೇರೆ ಬರ್ಕೊಳ್ಳಿ.

ಎರಡ್ನೇ ಹೆಜ್ಜೆ: ಒಂದು ವಾರ ಎಲ್ಲಾನೂ ಬರ್ದಿಡಿ

ಇದು ಬೋರ್ ಅನ್ಸತ್ತೆ ಆದ್ರೆ ಇದಿಲ್ದೆ ಮುಂದಿನದ್ಯಾವ್ದೂ ನಡಿಯಲ್ಲ. ಸೋಮವಾರದಿಂದ ಶುಕ್ರವಾರದವರೆಗೆ, ರಿಲೀಸ್ ಇಲ್ಲದ ಮಾಮೂಲಿ ವಾರ ಆದ್ರೆ ಒಳ್ಳೇದು, ಏನು ಮಾಡಿದ್ರೂ ಅವತ್ತೇ ಬರ್ಕೊಳ್ಳಿ, ಸಂಜೆ ನೆನಪು ಮಾಡ್ಕೊಂಡು ಬರೆದ್ರೆ ಅರ್ಧ ಬಿಟ್ಟುಹೋಗತ್ತೆ, ಬಿಟ್ಟುಹೋಗೋದು ಯಾವಾಗ್ಲೂ ಆ ಸಣ್ಣ ಸಣ್ಣ ಕೆಲಸಗಳೇ, ನಮಗೆ ಬೇಕಾಗಿರೋದೂ ಅವೇ. ನಾಲ್ಕು ವಿಷಯ ಬರ್ದ್ರೆ ಸಾಕು: ಏನ್ ಮಾಡ್ದೆ, ಯಾರು ಕೇಳಿದ್ರು, ಎಷ್ಟೊತ್ತು ಹಿಡೀತು, ಕೆಆರ್‌ಎನಲ್ಲಿ ಇದ್ಯಾ.

ನಮ್ಮ ಟೀಮಲ್ಲಿದ್ದ ಒಬ್ಬ ಟೆಸ್ಟರ್ ಹುಡುಗಿ ಇದನ್ನ ಮಾಡಿದ್ಲು, ಅವಳ ಒಂದು ಮಂಗಳವಾರ ಹೀಗಿತ್ತು. ಹತ್ತು ಗಂಟೆಗೆ ಲಾಗಿನ್ ಪೇಜಿನ ಟೆಸ್ಟ್ ಕೇಸ್, ಲೀಡ್ ಕೇಳಿದ್ದು, ಕೆಆರ್‌ಎನಲ್ಲಿ ಇದೆ. ಹನ್ನೊಂದೂವರೆಗೆ ಹೊಸ ಹುಡುಗಂಗೆ ವಿಪಿಎನ್ ಹಾಕ್ಕೊಟ್ಟಿದ್ದು, ಯಾರೂ ಕೇಳಿರ್ಲಿಲ್ಲ, ಅವನು ಒದ್ದಾಡ್ತಿದ್ದ, ಮುಕ್ಕಾಲು ಗಂಟೆ. ಹನ್ನೆರಡೂವರೆಗೆ ಮೀಟಿಂಗು, ನೋಟ್ಸ್ ಬರೆದಿದ್ದು ಇವಳೇ, "ನೀನು ಚೆನ್ನಾಗಿ ಬರೀತೀಯ" ಅಂತ. ಊಟ ಆದ್ಮೇಲೆ ಡೆವಲಪರ್ ಒಬ್ಬ "ಇದು ಬಗ್ ಅಲ್ವೇ ಅಲ್ಲ" ಅಂತ ಕೂತ, ಅವನನ್ನ ಒಪ್ಸೋಕೆ ಅರ್ಧ ಗಂಟೆ. ನಾಲ್ಕಕ್ಕೆ ಮ್ಯಾನೇಜರ್ ಬರ್ತ್‌ಡೇ ಕೇಕ್, ದುಡ್ಡು ಎತ್ತೋದು, ಕಾರ್ಡಿಗೆ ಎಲ್ಲಾರ ಸಹಿ ಹಾಕ್ಸೋದು. ಆಫೀಸಿಗೆ ಏಸಿ ರಿಪೇರಿಯವ್ನು ಬಂದಿದ್ದ, ಅವನ ಜೊತೆ ಕನ್ನಡದಲ್ಲಿ ಮಾತಾಡೋಕೆ ಇವಳನ್ನೇ ಕರೆದ್ರು. ಐದೂವರೆ ಮೇಲೆ ಕೂತು ಬೆಳಗ್ಗೆ ಅರ್ಧಕ್ಕೆ ಬಿಟ್ಟಿದ್ದ ಟೆಸ್ಟ್ ಕೇಸ್ ಮುಗಿಸಿದ್ಲು.

ಹೀಗೆ ಒಂದೊಂದಾಗಿ ಬರ್ದಾಗ ಕಣ್ಣಿಗೆ ಹೊಡಿಯತ್ತೆ. ಅವಳು ನಿಧಾನ ಅಂತ ಲೀಡ್ ಹೇಳ್ತಿದ್ದ, ಅವಳೂ ಹಾಗೇ ನಂಬ್ಕೊಂಡಿದ್ಲು. ನಿಧಾನ ಏನೂ ಇರ್ಲಿಲ್ಲ, ಅವಳ ದಿನದ ಅರ್ಧ ಬೇರೆಲ್ಲೋ ಹೋಗ್ತಿತ್ತು, ಅಷ್ಟೆ.

ಏಸಿ ರಿಪೇರಿ ವಿಷಯ ಸಣ್ಣದು ಅನ್ಕೋಬೇಡಿ. ಬೇರೆ ಬೇರೆ ರಾಜ್ಯದವ್ರಿರೋ ಟೀಮಲ್ಲಿ ಕನ್ನಡ ಬರೋರು ಒಬ್ಬಿಬ್ರೇ ಇದ್ರೆ ಈ ಪಾತ್ರ ತಾನಾಗೇ ಬಂದು ಕೂರತ್ತೆ, ಸೆಕ್ಯೂರಿಟಿ ಹತ್ರ ಮಾತಾಡು, ಕ್ಯಾಬ್ ಡ್ರೈವರ್‌ಗೆ ದಾರಿ ಹೇಳು, ನೀನು ಲೋಕಲ್ ಅಲ್ವಾ, ನವೆಂಬರ್ ಬಂತು ಅಂದ್ರೆ ರಾಜ್ಯೋತ್ಸವದ ಪ್ರೋಗ್ರಾಮ್ ಪೂರ್ತಿ ನಿನ್ ತಲೆ ಮೇಲೆ. ರಾಜ್ಯೋತ್ಸವ ಖುಷಿಯಿಂದ ಮಾಡಿ, ನಾನಂತೂ ಮಾಡ್ತೀನಿ. ಆದ್ರೆ ಪಟ್ಟೀಲಿ ಬರ್ಕೊಂಡೇ ಮಾಡಿ.

ಮೂರ್ನೇ ಹೆಜ್ಜೆ: ಸ್ವಭಾವದಿಂದ ಬಂದ ಪಾತ್ರ ಯಾವ್ದು ಅಂತ ಗುರ್ತಿಸಿ

ಈಗ ಕೆಆರ್‌ಎನಲ್ಲಿ ಇಲ್ದಿರೋ ಸಾಲುಗಳನ್ನ ಮಾತ್ರ ನೋಡಿ. ಅದ್ರಲ್ಲಿ ಒಂದು ದಾರಿ ಕಾಣ್ಸತ್ತೆ. ಕೆಲವ್ರ ಪಟ್ಟೀಲಿ ಬರೀ ಜಗಳ ಬಿಡ್ಸೋದೇ ಇರತ್ತೆ, ಕೆಲವ್ರದ್ದು ಬೇರೆಯವ್ರು ಅರ್ಧಕ್ಕೆ ಬಿಟ್ಟಿದ್ದನ್ನ ಮುಗ್ಸೋದು, ಕೆಲವ್ರದ್ದು ಪಕ್ಕದ ಟೀಮಿಂದ ಸುದ್ದಿ ತರೋದು.

ಇದಕ್ಕೆ ಮೆರೆಡಿತ್ ಬೆಲ್ಬಿನ್ ಅನ್ನೋ ಸಂಶೋಧಕರ ಕೆಲಸ ತುಂಬ ಉಪಯೋಗಕ್ಕೆ ಬರತ್ತೆ. ಇಂಗ್ಲೆಂಡಿನ ಹೆನ್ಲಿ ಮ್ಯಾನೇಜ್‌ಮೆಂಟ್ ಕಾಲೇಜಲ್ಲಿ ಅವ್ರು 1970ರ ದಶಕದಲ್ಲಿ ಮ್ಯಾನೇಜರ್‌ಗಳಿಗೆ ಬಿಸಿನೆಸ್ ಆಟ ಆಡ್ಸಿ, ಯಾವ ಟೀಮ್ ಗೆಲ್ಲತ್ತೆ ಯಾವ್ದು ಸೋಲತ್ತೆ ಅಂತ ವರ್ಷಗಟ್ಟಲೆ ನೋಡಿದ್ರು. ಬರೀ ಚುರುಕು ಬುದ್ಧಿಯವ್ರನ್ನೇ ಆರ್ಸಿ ಒಂದು ಟೀಮ್ ಮಾಡಿ ಅದಕ್ಕೆ ಅಪೊಲೊ ಅಂತ ಹೆಸ್ರಿಟ್ರು, ಅಂಥ ಟೀಮುಗಳು ಗೆಲ್ಲೋ ಬದ್ಲು ಎಷ್ಟೋ ಸಲ ಕೊನೇ ಸಾಲಲ್ಲಿ ಬಂದ್ವು, ಯಾಕಂದ್ರೆ ಎಲ್ಲಾರೂ ಇನ್ನೊಬ್ರ ಮಾತಲ್ಲಿ ತಪ್ಪು ಹುಡುಕೋದ್ರಲ್ಲೇ ಮುಳುಗಿದ್ರು. ಹುದ್ದೆಯ ಪಾತ್ರ ಬೇರೆ, ಟೀಮಿನ ಪಾತ್ರ ಬೇರೆ ಅಂತ ಅವ್ರು ಬಿಡಿಸಿ ಹೇಳಿದ್ರು. ಟೀಮಿನ ಪಾತ್ರ ಮೊದ್ಲು ಎಂಟು ಅಂದಿದ್ರು, ಆಮೇಲೆ ಒಂದು ಸೇರಿ ಒಂಬತ್ತಾಯ್ತು.

ನಮ್ಮ ಆಫೀಸಿನ ಮಾತಲ್ಲಿ ಹೇಳೋದಾದ್ರೆ: ಯಾರೂ ಯೋಚಿಸದ ಐಡಿಯಾ ತರೋವ್ರು ಪ್ಲಾಂಟ್. ಹೊರಗಡೆ ಎಲ್ಲಾರ ಪರಿಚಯ ಇಟ್ಕೊಂಡು ಬೇಕಾದ್ದು ತರಿಸೋವ್ರು ರಿಸೋರ್ಸ್ ಇನ್ವೆಸ್ಟಿಗೇಟರ್. ಯಾರಿಗೆ ಯಾವ ಕೆಲಸ ಹೊಂದತ್ತೆ ಅಂತ ನೋಡಿ ಹಂಚೋವ್ರು ಕೋಆರ್ಡಿನೇಟರ್. ಡೆಡ್‌ಲೈನ್ ಹತ್ರ ಬಂದಾಗ ಎಲ್ಲಾರನ್ನೂ ಓಡಿಸೋವ್ರು ಶೇಪರ್. ಎಲ್ಲಾರೂ ಹೂಂ ಅಂದಾಗ "ಒಂದ್ನಿಮಿಷ, ಇದು ನಿಜವಾಗ್ಲೂ ಆಗತ್ತಾ" ಅಂತ ತೂಗಿ ನೋಡೋವ್ರು ಮಾನಿಟರ್ ಇವ್ಯಾಲ್ಯುಯೇಟರ್. ಮುನಿಸು ಗಮನಿಸಿ ಸರಿ ಮಾಡೋವ್ರು ಟೀಮ್‌ವರ್ಕರ್. ಮಾತು ಮುಗಿದ್ಮೇಲೆ ಕೂತು ಕೆಲಸ ಮಾಡಿ ಮುಗ್ಸೋವ್ರು ಇಂಪ್ಲಿಮೆಂಟರ್. ಕೊನೇ ಸ್ಪೆಲಿಂಗ್ ತಪ್ಪಿನ ತನಕ ಹುಡುಕೋವ್ರು ಕಂಪ್ಲೀಟರ್ ಫಿನಿಷರ್. ಒಂದೇ ವಿಷ್ಯದಲ್ಲಿ ಆಳವಾಗಿ ಇಳಿದಿರೋವ್ರು ಸ್ಪೆಷಲಿಸ್ಟ್, ಇದೇ ಆಮೇಲೆ ಸೇರಿದ್ದು.

ನಂಗೆ ಇದ್ರಲ್ಲಿ ತುಂಬ ಹಿಡಿಸಿದ್ದು ಏನಂದ್ರೆ, ಪ್ರತಿ ಪಾತ್ರದ ಜೊತೆ ಒಂದು ದೌರ್ಬಲ್ಯನೂ ಬರತ್ತೆ, ಅದನ್ನ ಟೀಮ್ ಸಹಿಸ್ಕೋಬೇಕು ಅಂತ ಬೆಲ್ಬಿನ್ ಒಪ್ಕೊಂಡಿದ್ದು. ಕೊನೇ ತಪ್ಪಿನ ತನಕ ಹುಡುಕೋವ್ರಿಗೆ ಬೇರೆಯವ್ರ ಕೈಗೆ ಕೆಲಸ ಬಿಡೋಕೆ ಮನ್ಸು ಬರಲ್ಲ. ಎಲ್ಲಾರನ್ನೂ ಸಮಾಧಾನ ಮಾಡೋವ್ರಿಗೆ ಗಟ್ಟಿ ತೀರ್ಮಾನ ತಗೊಳೋದು ಕಷ್ಟ ಆಗತ್ತೆ. ಓಡಿಸೋವ್ರು ಮನ್ಸು ನೋಯಿಸ್ತಾರೆ. ನಿಮ್ಮ ಎರಡು ಬಲವಾದ ಪಾತ್ರ ಬರೆಯೋವಾಗ ಪಕ್ಕದಲ್ಲಿ ಈ ದೌರ್ಬಲ್ಯನೂ ಬರ್ಕೊಳ್ಳಿ. ಇದು ಜಾತಕ ಅಲ್ಲ, ಒಂದು ಟೀಮಲ್ಲಿ ಜಗಳ ಬಿಡಿಸ್ತಿದ್ದವ್ರು ಇನ್ನೊಂದು ಟೀಮಲ್ಲಿ ಓಡಿಸೋವ್ರಾಗಬಹುದು, ಅಲ್ಲಿ ಯಾವ ಜಾಗ ಖಾಲಿ ಇದೆ ಅನ್ನೋದ್ರ ಮೇಲೆ ಹೋಗತ್ತೆ.

ನಾಲ್ಕ್ನೇ ಹೆಜ್ಜೆ: ಬೇರೆಯವ್ರನ್ನ ಕೇಳಿ

ನಮ್ಮ ಬಗ್ಗೆ ನಮಗೆ ಅನ್ಸೋದು ಅರ್ಧ ಸತ್ಯ. ಮೂರು ಜನ ಸಾಕು, ಒಬ್ರು ನಿಮ್ಮ ಜೊತೇಲೇ ಕೆಲಸ ಮಾಡೋವ್ರು, ಒಬ್ರು ನಿಮ್ಮಿಂದ ಕೆಲಸ ಪಡ್ಕೊಳೋವ್ರು, ಒಬ್ರು ನಿಮ್ಮ ಜೊತೆ ಅಷ್ಟಾಗಿ ಹೊಂದ್ಕೊಳ್ದೇ ಇರೋವ್ರು. ಮೂರ್ನೇವ್ರನ್ನ ಬಿಡ್ಬೇಡಿ, ಎಲ್ಲಾರಿಗಿಂತ ಉಪಯೋಗದ ಉತ್ತರ ಅವ್ರಿಂದಾನೇ ಬರೋದು.

"ನಾನು ಹೇಗೆ ಕೆಲಸ ಮಾಡ್ತೀನಿ ಅಂತ ಹೇಳು" ಅಂತ ಕೇಳಿದ್ರೆ ಎಲ್ಲಾರೂ ಚೆನ್ನಾಗೇ ಮಾಡ್ತೀಯ ಅಂತಾರೆ, ಮುಗೀತು. ಟೀ ಕುಡಿಯೋಕೆ ಹೋದಾಗ ಹೀಗೆ ಕೇಳಿ ನೋಡಿ: "ನಾನು ಎರಡು ವಾರ ರಜ ಹಾಕಿದ್ರೆ ನಿಂಗೆ ಯಾವ ಕೆಲಸ ನಿಂತೋಗತ್ತೆ? ಯಾವ್ದು ಇನ್ನೂ ಸಲೀಸಾಗತ್ತೆ?" ಮೊದಲ್ನೇ ಉತ್ತರದಲ್ಲಿ ನಿಮ್ಮ ಪಾತ್ರ ಸಿಗತ್ತೆ, ಎರಡ್ನೇದ್ರಲ್ಲಿ ನೀವು ಎಲ್ಲಿ ಅಡ್ಡ ಬರ್ತಿದೀರ ಅನ್ನೋದು. ಉತ್ತರ ಬಂದಾಗ ವಾದ ಮಾಡ್ಬೇಡಿ, ಬರ್ಕೊಂಡು ಬನ್ನಿ.

ಐದ್ನೇ ಹೆಜ್ಜೆ: ಒಂದೊಂದು ಕೆಲಸಕ್ಕೂ ಯಾರು ಹೊಣೆ ಅಂತ ಟೀಮಾಗಿ ಕೂತು ಬರೀರಿ

ಇಲ್ಲೀವರೆಗೂ ಒಬ್ಬರೇ ಮಾಡೋ ಕೆಲಸ, ಇಲ್ಲಿಂದ ಎಲ್ಲಾರೂ ಬೇಕು. ರೇಸಿ ಅಂತ ಒಂದು ಪಟ್ಟಿ ಇದೆ, ಪ್ರಾಜೆಕ್ಟ್ ಮ್ಯಾನೇಜರ್‌ಗಳಿಗೆಲ್ಲಾ ಗೊತ್ತು. ಪ್ರತಿ ಕೆಲಸದ ಮುಂದೆ ನಾಲ್ಕು ಥರದ ಜನ: ಮಾಡೋವ್ರು, ಕೊನೇಲಿ ಉತ್ತರ ಕೊಡ್ಬೇಕಾದವ್ರು, ಮೊದ್ಲೇ ಕೇಳ್ಬೇಕಾದವ್ರು, ಆದ್ಮೇಲೆ ತಿಳಿಸ್ಬೇಕಾದವ್ರು. ಮಾಡೋವ್ರು ಎಷ್ಟು ಜನ ಬೇಕಾದ್ರೂ ಇರ್ಲಿ, ಉತ್ತರ ಕೊಡೋವ್ರು ಮಾತ್ರ ಒಬ್ರೇ ಇರ್ಬೇಕು. ಮದುವೆ ಮನೇಲಿ ಹತ್ತು ಜನ ಓಡಾಡ್ತಿರ್ತಾರೆ, ಸ್ಟೋರ್ ರೂಮಿನ ಬೀಗದ ಕೈ ಯಾರ ಹತ್ರ ಇದೆ ಅಂದ್ರೆ ಎಲ್ಲಾರೂ ಮುಖ ಮುಖ ನೋಡ್ಕೋತಾರಲ್ಲ, ಆ ಪರಿಸ್ಥಿತಿ ರಿಲೀಸ್ ದಿನ ಬರ್ಬಾರ್ದು.

ಎಲ್ಲಾ ಕೆಲಸಕ್ಕೂ ಇದನ್ನ ಮಾಡೋಕೆ ಹೋಗ್ಬೇಡಿ, ದೊಡ್ಡ ಎಕ್ಸೆಲ್ ಶೀಟ್ ಆಗಿ ಯಾರೂ ತೆಗೆದು ನೋಡಲ್ಲ. ಪದೇ ಪದೇ ಗಲಾಟೆ ಆಗೋ ಐದಾರು ಕೆಲಸ ಆರಿಸ್ಕೊಳ್ಳಿ. ನಮ್ಮಂಥ ಟೀಮ್‌ಗಳಲ್ಲಿ ಅವು ಯಾವಾಗ್ಲೂ ಇವೇ: ರಿಲೀಸ್ ಆಗ್ಬಹುದಾ ಬೇಡ್ವಾ ಅನ್ನೋ ತೀರ್ಮಾನ, ರಾತ್ರಿ ಪ್ರೊಡಕ್ಷನ್ ಕೈಕೊಟ್ರೆ ಫೋನ್ ಎತ್ತೋವ್ರು, ರಿಕ್ವೈರ್‌ಮೆಂಟ್ ಮಧ್ಯದಲ್ಲಿ ಬದ್ಲಾದ್ರೆ ಹೂಂ ಅನ್ನೋವ್ರು, ಕ್ಲೈಂಟ್‌ಗೆ ಕೆಟ್ಟ ಸುದ್ದಿ ಹೇಳೋವ್ರು, ಹೊಸಬ್ರನ್ನ ತಯಾರು ಮಾಡೋವ್ರು. ರಿಲೀಸ್ ವಿಷ್ಯದಲ್ಲಿ ಟೆಸ್ಟರ್ ಮೇಲೆ ಹೊಣೆ ಹಾಕಿ, ಆದ್ರೆ ಬೇಡ ಅನ್ನೋ ಅಧಿಕಾರ ಮಾತ್ರ ಕೊಡ್ದೆ ಇರೋದು ತುಂಬ ಕಡೆ ನಡೀತಿದೆ. ಅಧಿಕಾರ ಇಲ್ದೆ ಹೊಣೆ ಒಪ್ಕೋಬೇಡಿ, ಇದನ್ನ ಮೀಟಿಂಗಲ್ಲೇ ಹೇಳಿ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಒದ್ದಾಟ ಯಾಕೆ ಅನ್ನೋವ್ರಿಗೆ ಆಪರೇಷನ್ ಥಿಯೇಟರಿನ ಒಂದು ಸಂಗತಿ ಹೇಳ್ತೀನಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆ ಅಂತ 19 ಅಂಶದ ಒಂದು ಚೆಕ್‌ಲಿಸ್ಟ್ ತಂತು. ಅದ್ರಲ್ಲಿ ಚರ್ಮ ಕೊಯ್ಯೋ ಮುಂಚೆ ಅಲ್ಲಿರೋ ಎಲ್ಲಾರೂ ತಮ್ಮ ಹೆಸ್ರು ಮತ್ತೆ ತಮ್ಮ ಪಾತ್ರ ಬಾಯಿಬಿಟ್ಟು ಹೇಳ್ಬೇಕು ಅಂತ ಇದೆ, ಸರ್ಜನ್ ಇರ್ಲಿ ನರ್ಸ್ ಇರ್ಲಿ. ದೆಹಲಿಯೂ ಸೇರಿ ಎಂಟು ಊರಿನ ಆಸ್ಪತ್ರೆಗಳಲ್ಲಿ ಈ ಚೆಕ್‌ಲಿಸ್ಟ್ ಬಳಸಿ ನೋಡಿದ ಅಧ್ಯಯನ 2009ರಲ್ಲಿ ಬಂತು, ಆಪರೇಷನ್ ಆದ್ಮೇಲಿನ ಸಾವಿನ ಪ್ರಮಾಣ ಶೇ. 1.5 ಇದ್ದಿದ್ದು ಶೇ. 0.8ಕ್ಕೆ ಇಳಿದಿತ್ತು. ಅದು ಪೂರ್ತಿ ಚೆಕ್‌ಲಿಸ್ಟಿನ ಫಲ, ಪರಿಚಯ ಹೇಳೋದೊಂದ್ರದ್ದೇ ಅಲ್ಲ, ಆದ್ರೂ ಅಂಥ ನುರಿತ ಜನಕ್ಕೇ ನಾನ್ಯಾರು ನನ್ ಕೆಲಸ ಏನು ಅಂತ ಹೇಳ್ಕೊಳೋದು ಬೇಕು ಅನ್ಸಿದ್ರೆ ನಮಗೆ ಬೇಡ್ವಾ? ಹೊಸ ಪ್ರಾಜೆಕ್ಟ್ ಶುರು ಆದಾಗ ಮೊದಲ್ನೇ ಕಾಲ್‌ನಲ್ಲಿ ಇದನ್ನ ಮಾಡಿ, ಐದು ನಿಮಿಷ ಸಾಕು. ಹೆಸ್ರು ಸಣ್ಣ ದನೀಲಿ ಹೇಳಿದ ಫ್ರೆಷರ್ ಕೂಡ ಆಮೇಲೆ ಮಾತಾಡೋಕೆ ಧೈರ್ಯ ಮಾಡ್ತಾನೆ.

ಆರ್ನೇ ಹೆಜ್ಜೆ: ಉಳಿಸ್ಕೊಳೋದು, ಬಿಡೋದು, ಲೆಕ್ಕಕ್ಕೆ ತರೋದು

ಈಗ ನಿಮ್ಮ ಹತ್ರ ಎರಡು ಪಟ್ಟಿ ಇದೆ, ಮೊದಲ್ನೇದು ಕೆಆರ್‌ಎನಲ್ಲಿ ಇರೋ ಕೆಲಸ, ಎರಡ್ನೇದು ಅದ್ರಲ್ಲಿ ಇಲ್ದೆ ಮಾಡ್ತಿರೋ ಕೆಲಸ. ಎರಡ್ನೇ ಪಟ್ಟಿಯ ಪ್ರತಿ ಸಾಲಿಗೂ ಒಂದು ತೀರ್ಮಾನ ಬೇಕು. ಇಷ್ಟಪಟ್ಟು ಮಾಡೋದು, ಟೀಮ್‌ಗೂ ಬೇಕಾಗಿರೋದು ಆದ್ರೆ ಅದನ್ನ ಕೆಆರ್‌ಎಗೆ ಸೇರಿಸೋಕೆ ಕೇಳಿ. ಟೀಮ್‌ಗೆ ಬೇಕು, ಆದ್ರೆ ನೀವೇ ಯಾಕೆ ಮಾಡ್ಬೇಕು ಅನ್ನೋದಕ್ಕೆ ಕಾರಣ ಇಲ್ಲ ಅಂದ್ರೆ ಸರದಿ ಮಾಡಿ. ಮೀಟಿಂಗ್ ನೋಟ್ಸ್, ಕೇಕ್, ಎಥ್ನಿಕ್ ಡೇ ರಂಗೋಲಿ ಎಲ್ಲಾ ಸರದಿಗೆ ಬರೋ ಕೆಲಸಗಳೇ, ಹಾಜರಿ ಪಟ್ಟಿ ಥರ ಹೆಸ್ರಿನ ಕ್ರಮದಲ್ಲಿ ಹಾಕಿದ್ರೆ ಯಾರೂ ಚಕಾರ ಎತ್ತಲ್ಲ.

ಈ ವಿಷ್ಯದಲ್ಲಿ ಹೆಣ್ಮಕ್ಕಳಿಗೆ ಒಂದು ಮಾತು ಗಟ್ಟಿಯಾಗಿ ಹೇಳ್ಬೇಕು. ಬಡ್ತಿಗೆ ಉಪಯೋಗ ಆಗ್ದಿರೋ ಕೆಲಸಗಳನ್ನ ಯಾರು ಒಪ್ಕೋತಾರೆ ಅಂತ ಅರ್ಥಶಾಸ್ತ್ರಜ್ಞೆ ಲಿಂಡಾ ಬ್ಯಾಬ್‌ಕಾಕ್ ಮತ್ತೆ ಅವ್ರ ಜೊತೆಗಾರ್ತಿಯರು ಪ್ರಯೋಗ ಮಾಡಿ 2017ರಲ್ಲಿ ಪ್ರಕಟಿಸಿದ್ರು. ಗಂಡಸ್ರು ಹೆಂಗಸ್ರು ಬೆರೆತಿರೋ ಗುಂಪಲ್ಲಿ ಹೆಂಗಸ್ರೇ ಹೆಚ್ಚು ಮುಂದೆ ಬರ್ತಾರೆ, ಅವ್ರನ್ನೇ ಹೆಚ್ಚು ಕೇಳ್ತಾರೆ, ಕೇಳಿದಾಗ ಅವ್ರೇ ಹೆಚ್ಚು ಒಪ್ಕೋತಾರೆ. ಬರೀ ಹೆಂಗಸ್ರೇ ಇರೋ ಗುಂಪು, ಬರೀ ಗಂಡಸ್ರೇ ಇರೋ ಗುಂಪು ಹೋಲ್ಸಿ ನೋಡಿದ್ರೆ ಮುಂದೆ ಬರೋದ್ರಲ್ಲಿ ವ್ಯತ್ಯಾಸ ಇರ್ಲಿಲ್ಲ. ಅಂದ್ರೆ ಇದು ಸ್ವಭಾವಕ್ಕಿಂತ ಹೆಚ್ಚಾಗಿ ಅವಳು ಮಾಡ್ತಾಳೆ ಬಿಡು ಅನ್ನೋ ಎಲ್ಲಾರ ನಿರೀಕ್ಷೆ. ಹಾಗಾಗಿ ಲೀಡ್ ಆಗಿರೋವ್ರು "ಯಾರು ಮಾಡ್ತೀರಾ" ಅಂತ ಕೇಳೋದು ನಿಲ್ಸಿ, ಸರದಿ ಪ್ರಕಾರ ಹೆಸ್ರು ಹೇಳಿ.

ಮ್ಯಾನೇಜರ್ ಹತ್ರ ಮಾತಾಡೋವಾಗ ಗೋಳು ಬೇಡ, ಪಟ್ಟಿ ತಗೊಂಡೋಗಿ. ಆ ಟೆಸ್ಟರ್ ಹುಡುಗಿ ಮಾತಾಡಿದ್ದು ಹೀಗೆ: "ಸರ್, ಮೂರು ತಿಂಗ್ಳಿಂದ ಹೊಸಬ್ರ ಟ್ರೈನಿಂಗ್ ಪೂರ್ತಿ ನಾನೇ ನೋಡ್ಕೋತಿದೀನಿ, ವಾರಕ್ಕೆ ಆರು ಗಂಟೆ ಹೋಗ್ತಿದೆ. ನಂಗಿದು ಇಷ್ಟ, ಮುಂದೇನೂ ಮಾಡ್ತೀನಿ. ಇದನ್ನ ನನ್ ಕೆಆರ್‌ಎಗೆ ಸೇರ್ಸೋಣ, ರಿಗ್ರೆಷನ್ ಟೆಸ್ಟಿಂಗಲ್ಲಿ ಅಷ್ಟು ಭಾಗ ಇನ್ನೊಬ್ರಿಗೆ ಕೊಡೋಣ್ವಾ?" ಸರ್ ಮೊದ್ಲು ನೋಡೋಣ ಅಂದ್ರು, ಪಟ್ಟಿ ಮುಂದಿಟ್ಟಾಗ ತಿರುಗಿ ಓದಿದ್ರು, ಕೊನೆಗೆ ಟ್ರೈನಿಂಗ್ ಸೇರ್ತು. ಮಾತಾದ ದಿನಾನೇ "ನಾವು ಮಾತಾಡಿದ್ದು ಇಷ್ಟು" ಅಂತ ನಾಲ್ಕು ಸಾಲಿನ ಮೇಲ್ ಕಳಿಸಿ. ಒಪ್ಲಿಲ್ಲ ಅಂದ್ರೂ ಕಳಿಸಿ, ಮುಂದಿನ ಅಪ್ರೈಸಲ್‌ನಲ್ಲಿ ಮಾತು ಶುರು ಮಾಡೋಕೆ ಅದು ಬೇಕಾಗತ್ತೆ.

ಸ್ವಲ್ಪ ದಿನಕ್ಕೆ ಅಂತ ಬರೋ ಪಾತ್ರಗಳು

ಇದಕ್ಕೆ ನಮ್ಮ ದ್ರಾವಿಡ್‌ಗಿಂತ ಒಳ್ಳೇ ಉದಾಹರಣೆ ನಂಗೆ ಗೊತ್ತಿಲ್ಲ. 2003ರ ವಿಶ್ವಕಪ್‌ನಲ್ಲಿ ಅವ್ರು ವಿಕೆಟ್ ಕೀಪಿಂಗ್ ಮಾಡಿದ್ರು, ಮಾಮೂಲಿ ಕೀಪರ್ ಅಲ್ಲ, ಆದ್ರೆ ಅವ್ರು ಗ್ಲೌಸ್ ಹಾಕಿದ್ರಿಂದ ಟೀಮ್‌ಗೆ ಇನ್ನೊಬ್ಬ ಬ್ಯಾಟ್ಸ್‌ಮನ್ ಆಡಿಸೋಕೆ ಜಾಗ ಸಿಕ್ತು, ಟೀಮ್ ಫೈನಲ್ ತನಕ ಹೋಯ್ತು. ಇಲ್ಲಿ ಎರಡು ವಿಷಯ ಗಮನಿಸಿ. ಆ ಕೆಲಸ ಎಲ್ಲಾರ ಕಣ್ಣೆದುರಿಗೆ ಇತ್ತು, ಸ್ಕೋರ್‌ಕಾರ್ಡ್‌ನಲ್ಲೇ ಕೀಪರ್ ಅಂತ ಬರ್ತಿತ್ತು. ಮತ್ತೆ ಅದು ಯಾವತ್ತಿಗೂ ಅವ್ರ ತಲೆಗೇ ಕಟ್ಟಿದ್ದಲ್ಲ, 2004ರ ಕೊನೇಲಿ ಧೋನಿ ಬಂದ್ರು, ಮುಂದೆ ಗ್ಲೌಸ್ ಅವ್ರ ಕೈಗೆ ಹೋಯ್ತು, ದ್ರಾವಿಡ್ ಬ್ಯಾಟ್ಸ್‌ಮನ್ ಆಗೇ ಮುಂದುವರಿದ್ರು.

ನಿಮ್ಮ ಲೀಡ್ ಮೆಟರ್ನಿಟಿ ಲೀವ್‌ಗೆ ಹೋದ್ರು, ನೀವು ಆ ಕೆಲಸ ನೋಡ್ಕೊಳ್ಳಿ ಅಂದ್ರು ಅನ್ಕೊಳ್ಳಿ. ಖಂಡಿತ ಮಾಡಿ, ಕಲಿಯೋಕೆ ಅದಕ್ಕಿಂತ ಒಳ್ಳೇ ಅವಕಾಶ ಇಲ್ಲ. ಶುರು ಮಾಡೋ ಮುಂಚೆ ಮೂರು ಕೇಳಿ: ಯಾವ ತಾರೀಕಿನವರೆಗೆ, ನನ್ನ ಹಳೇ ಕೆಲಸ ಅಷ್ಟು ದಿನ ಯಾರು ಮಾಡ್ತಾರೆ, ಟೀಮ್‌ಗೆ ಇದನ್ನ ಯಾರು ಹೇಳ್ತಾರೆ. ಮೂರ್ನೇದು ಮರೀಬೇಡಿ. ಮ್ಯಾನೇಜರ್ ಬಾಯಿಂದ ಟೀಮ್‌ಗೆ ಹೇಳಿಸ್ದೆ ಇದ್ರೆ ನಿಮ್ಮ ಮಾತು ಯಾರೂ ಕೇಳಲ್ಲ.

ಮನೆ ಕಡೆಯ ಪಾತ್ರ

ಟೀಮಲ್ಲಿರೋ ನೀವೇ ಮನೇಲಿ ಅಮ್ಮನ್ನ ಡಯಾಲಿಸಿಸ್‌ಗೆ ಕರ್ಕೊಂಡು ಹೋಗೋವ್ರು, ಮಗೂನ ಸ್ಕೂಲ್ ವ್ಯಾನಿಂದ ಇಳಿಸ್ಕೊಳೋವ್ರು. ಎಲ್ಲಾನೂ ಹೇಳ್ಕೋಬೇಕು ಅಂತಿಲ್ಲ, ಆದ್ರೆ ಕೆಲಸದ ಹೊತ್ತಿಗೆ ಅಡ್ಡ ಬರೋದನ್ನ ಹೇಳಿ, ಕಾರಣ ಬಿಟ್ಟು ಹೊತ್ತು ಮಾತ್ರ ಹೇಳಿದ್ರೂ ಸಾಕು, "ಮಂಗಳವಾರ ಶುಕ್ರವಾರ ನಾಲ್ಕರಿಂದ ಆರು ನಾನು ಸಿಗಲ್ಲ" ಅಂತ ಕ್ಯಾಲೆಂಡರ್‌ನಲ್ಲಿ ಬ್ಲಾಕ್ ಮಾಡಿ. ಅಮೆರಿಕದ ಕ್ಲೈಂಟ್ ಇರೋವ್ರು ನವೆಂಬರ್ ಬಗ್ಗೆ ಮೊದ್ಲೇ ಯೋಚಿಸಿ, ಅಲ್ಲಿ ನವೆಂಬರ್ ಮೊದಲ ಭಾನುವಾರ ಗಡಿಯಾರ ಹಿಂದಕ್ಕೆ ಹಾಕ್ತಾರೆ, ಅವ್ರ ಟೈಮಿಗೆ ಇಟ್ಟಿರೋ ಕಾಲ್ ನಮಗೆ ರಾತ್ರಿ ಎಂಟಕ್ಕಿದ್ದಿದ್ದು ಒಂಬತ್ತಕ್ಕೆ ಹೋಗತ್ತೆ. ಮಕ್ಕಳು ಮಲಗೋ ಹೊತ್ತು. ಅಕ್ಟೋಬರಲ್ಲೇ ಮಾತಾಡ್ಕೊಂಡ್ರೆ ಕಾಲ್ ಒಂದು ಗಂಟೆ ಮುಂಚೆಗೆ ಹಾಕಿಸ್ಬಹುದು.

ಯಾವಾಗ ಮತ್ತೆ ಮಾಡ್ಬೇಕು

ಮ್ಯಾನೇಜರ್ ಬದ್ಲಾದಾಗ, ಇಬ್ರು ಬಿಟ್ಟು ಹೋದಾಗ, ಟೀಮ್ ಒಡೆದು ಬೇರೆ ಮಾಡಿದಾಗ. ಪೂರ್ತಿ ವಾರ ಬರೀಬೇಕು ಅಂತಿಲ್ಲ, ಹಳೇ ಪಟ್ಟಿ ತೆಗೆದು ಏನು ಸೇರ್ತು ಏನು ಹೋಯ್ತು ಅಂತ ನೋಡಿದ್ರೆ ಸಾಕು.

ಮತ್ತೆ ನೀವೇ ಕೆಲಸ ಬಿಡೋವಾಗ. ನೋಟಿಸ್ ಪೀರಿಯಡ್‌ನಲ್ಲಿ ಕೆಟಿ (ಗೊತ್ತಿರೋ ಕೆಲಸಾನ ಮುಂದಿನವ್ರಿಗೆ ಹೇಳ್ಕೊಡೋದು) ಕೊಡೋವಾಗ ಎಲ್ಲಾರೂ ಮೊದಲ್ನೇ ಪಟ್ಟಿ ಮಾತ್ರ ಒಪ್ಪಿಸ್ತಾರೆ, ಪಾಸ್‌ವರ್ಡು, ಡಾಕ್ಯುಮೆಂಟು, ಬಾಕಿ ಟಿಕೆಟ್ಟು. ಒಬ್ರು ಬಿಟ್ಟು ಹೋದ್ಮೇಲೆ ಟೀಮ್ ಆರು ತಿಂಗ್ಳು ತಡವರಿಸೋದು ಹೆಚ್ಚಾಗಿ ಎರಡ್ನೇ ಪಟ್ಟಿ ಯಾರ ಕೈಗೂ ಹೋಗ್ದೆ ಇದ್ದಿದ್ರಿಂದ. ಹಾಗಾಗಿ ಡೇಟಾಬೇಸ್ ಟೀಮಿನ ಯಾರ ಹತ್ರ ಹೇಗೆ ಕೇಳಿದ್ರೆ ಕೆಲಸ ಆಗತ್ತೆ, ಯಾವ ಕ್ಲೈಂಟ್‌ಗೆ ಮೇಲ್ ಹಾಕ್ದೆ ಫೋನೇ ಮಾಡ್ಬೇಕು, ಹೊಸಬ್ರು ಮೊದಲ್ನೇ ವಾರ ಎಲ್ಲಿ ಸಿಕ್ಕಾಕ್ಕೋತಾರೆ, ಇದನ್ನೆಲ್ಲಾ ಬರೀರಿ, ಪ್ರತಿ ಸಾಲಿನ ಮುಂದೆ ಮುಂದಕ್ಕೆ ಅದನ್ನ ನೋಡ್ಕೊಳೋವ್ರ ಹೆಸ್ರು ಹಾಕ್ಸಿ, ಅವ್ರನ್ನೂ ಮ್ಯಾನೇಜರ್‌ನೂ ಸೇರ್ಸಿ ಒಂದೇ ಮೇಲ್‌ನಲ್ಲಿ ಕಳಿಸಿ. ಕೊನೇ ದಿನಕ್ಕೆ ಇಟ್ಕೋಬೇಡಿ, ಎರಡು ವಾರ ಮುಂಚೆ ಕಳಿಸಿದ್ರೆ ಅವ್ರಿಗೆ ಬಂದು ಕೇಳೋಕೆ ಟೈಮ್ ಸಿಗತ್ತೆ.